ನೆಲಕ್ಕೆ ಬಣ್ಣ ಹಚ್ಚದ ರಾಯರು

ಫೋಟೋ ರಾಯರು ಹೋಗಿ ಆರು ತಿಂಗಳಾಯಿತಂತೆ. ನನಗೆ ತಿಳಿದದ್ದು ಮೊನ್ನೆ, ಒಂದು ಮದುವೆಯ ಊಟದ ಸಾಲಿನಲ್ಲಿ. ಹಾಸನದ ನಮ್ಮ ಹಳೆಯ ವಠಾರದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಿದ್ದಳು. ಹಪ್ಪಳ ಮುರಿಯುತ್ತ, ಅವರು ಹೋದರಂತೆ, ಗೊತ್ತಾಯಿತಾ ಅಂದಳು. ನಾನು ಪಾಯಸಕ್ಕೆ ಕಾಯದೆ ಎದ್ದೆ. ಆರು ತಿಂಗಳು ಒಬ್ಬ ಮನುಷ್ಯ ಇಲ್ಲ ಎನ್ನುವುದೇ ಗೊತ್ತಿಲ್ಲದೆ ನಾನು ಉಂಡು ಮಲಗಿದ್ದೇನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ತಾವು ತೆಗೆದ ಫೋಟೋಗಳ ಬೆನ್ನಿಗೂ ಹೆಸರಿನ ಮುದ್ರೆ ಒತ್ತಿದವರಲ್ಲ ಅವರು. ಊರೆಲ್ಲ ಫೋಟೋ ರಾಯರು ಎನ್ನುತ್ತಿತ್ತು, ನಾನೂ ಹಾಗೇ ಕರೆದೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಹಾಸನಕ್ಕೆ ಬಂದೆ. ವಠಾರದಲ್ಲಿ ಬೀದಿಗೆ ಮುಖ ಮಾಡಿದ ಮನೆ ರಾಯರದು. ಅದರ ಹಜಾರವೇ ಸ್ಟುಡಿಯೋ, ಬಚ್ಚಲಿನ ಪಕ್ಕದ ಕತ್ತಲೆ ಕೋಣೆಯೇ ಡಾರ್ಕ್ ರೂಂ. ಹಿಂದಿನ ಮನೆ ನಮ್ಮದು. ಯಜಮಾನರು ಗುಮಾಸ್ತರು, ನಾನು ಹೆಣ್ಣುಮಕ್ಕಳ ಮಿಡಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮತ್ತು ಹೊಲಿಗೆಯ ಟೀಚರು. ಒಂದು ದಿನ ಮಕ್ಕಳ ಚಿತ್ರಗಳನ್ನು ಒಣಗಲೆಂದು ಬಟ್ಟೆ ತಂತಿಗೆ ಸಿಕ್ಕಿಸಿದ್ದೆ. ರಾಯರು ಹಲ್ಲುಜ್ಜುತ್ತ ಬಂದು ಒಂದೊಂದನ್ನೂ ನೋಡಿದರು. ಬಾಯಿ ಮುಕ್ಕಳಿಸಿ ಬಂದು ನನ್ನೊಡನೆ ಆಡಿದ ಮೊದಲ ಮಾತು: "ಟೀಚರಮ್ಮ, ನಿಮಗೆ ಕೆನ್ನೆಯ ಬಣ್ಣ ಮಾಡಕ್ಕೆ ಬರುತ್ತಾ?"

ಆಗ ಬಣ್ಣದ ಫೋಟೋ ಎಂದರೆ ಕಪ್ಪು ಬಿಳುಪಿನ ಫೋಟೋಗೆ ಕೈಯಲ್ಲಿ ಬಣ್ಣ ಹಚ್ಚಿದ್ದು. ಕಡ್ಡಿಗೆ ಹತ್ತಿ ಸುತ್ತಿ, ತೆಳು ಎಣ್ಣೆ ಬಣ್ಣದಲ್ಲಿ ಅದ್ದಿ, ಕೆಳಗಿನ ಫೋಟೋ ಮುಚ್ಚಿಹೋಗದ ಹಾಗೆ ಉಜ್ಜಬೇಕು. ಅವರಿಗೆ ಬಣ್ಣ ಹಚ್ಚುತ್ತಿದ್ದವನು ಮೈಸೂರಿಗೆ ಹೋಗಿಬಿಟ್ಟಿದ್ದ. ಆ ಕೆಲಸ ನನ್ನ ಪಾಲಿಗೆ ಬಂತು. ಫೋಟೋ ಜೊತೆ ಒಂದು ಲಕೋಟೆ ಬರುತ್ತಿತ್ತು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ರಾಯರ ಟಿಪ್ಪಣಿ. "ಸೀರೆ ಮಾವಿನ ಚಿಗುರಿನದು. ಅಂಚು ಅರಿಶಿನ. ಹುಡುಗಿ ಎಣ್ಣೆಗೆಂಪು. ಬೆಳ್ಳಗೆ ಮಾಡಿ ಅಂದಿದ್ದಾರೆ, ಮಾಡಬೇಡಿ."

ಬೆಳ್ಳಗೆ ಮಾಡದ ಕಾರಣಕ್ಕೆ ಎಷ್ಟೋ ಜನ ಜಗಳಕ್ಕೆ ಬಂದರು. ಗಂಡಿನ ಕಡೆಯವರಿಗೆ ತೋರಿಸುವ ಫೋಟೋ ಎಂದು ಒಬ್ಬ ತಾಯಿ ಅತ್ತೂಬಿಟ್ಟಳು. ರಾಯರು ಆಕೆಗೆ ಕಾಫಿ ತರಿಸಿಕೊಟ್ಟರೇ ಹೊರತು ಫೋಟೋ ಬದಲಾಯಿಸಲಿಲ್ಲ. "ಹುಡುಗಿ ನಾಳೆ ಆ ಮನೆಗೆ ಹೋಗಿ ನಿಂತಾಗ ಫೋಟೋನೇ ಅವಳನ್ನ ಬೈಯೋ ಹಾಗೆ ಆಗಬಾರದು," ಎಂದರು. ಆ ಹುಡುಗಿಯ ಮದುವೆ ಆಯಿತು ಬಿಡಿ. ಅದೇ ಫೋಟೋ ನೋಡಿಯೇ ಆಯಿತು.

ಮುಖ ತೆಗೆಯುವುದು ಅವರಿಗೆ ಹೊಟ್ಟೆಪಾಡು. ಜೀವ ಇದ್ದದ್ದು ನೆಲದಲ್ಲಿ. ಭಾನುವಾರ ಬಂತೆಂದರೆ ಸ್ಟುಡಿಯೋಗೆ ಬೀಗ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಗೊರೂರಿಗೋ ಹೊಳೆನರಸೀಪುರಕ್ಕೋ ಅರಕಲಗೂಡಿನ ಕಡೆಗೋ ಹೊರಟುಬಿಡುತ್ತಿದ್ದರು. ಬುತ್ತಿಯಲ್ಲಿ ಮೊಸರವಲಕ್ಕಿ, ಹೆಗಲಿಗೆ ಕ್ಯಾಮೆರಾ, ಕಂಕುಳಲ್ಲಿ ಮೂರು ಕಾಲಿನ ಸ್ಟ್ಯಾಂಡು. ಎಲ್ಲಾದರೂ ಬಯಲಲ್ಲಿ ಸ್ಟ್ಯಾಂಡು ಊರಿದರೆ ಸಾಕು, ದನ ಮೇಯಿಸುವವರು ಸುತ್ತ ನಿಂತು ಯಾರ ಫೋಟೋ ಸಾ ಎಂದು ಕೇಳುತ್ತಿದ್ದರಂತೆ. ಇವರು ಯಾರದ್ದೂ ಇಲ್ಲ ಎಂದರೆ ಅವರು ನಂಬುತ್ತಿರಲಿಲ್ಲ. ರಾಮನಾಥಪುರದಲ್ಲಿ ಒಬ್ಬ ಹೊಗೆಸೊಪ್ಪಿನ ವ್ಯಾಪಾರಿ ಜರತಾರಿ ಶಾಲು ಹೊದ್ದು ಬಂದು ಕ್ಯಾಮೆರಾದ ಮುಂದೆ ನಿಂತವನು ಕದಲಲೇ ಇಲ್ಲ. ರಾಯರು ಅವನನ್ನು ಹೊಳೆಯ ಕಡೆ ತಿರುಗಿಸಿ ನಿಲ್ಲಿಸಿದರು. ಫೋಟೋ ತಲುಪಿದ ಮೇಲೆ ಆತ, ಶಾಲು ಬಂದಿದೆ, ಮುಖ ಎಲ್ಲಿ ಎಂದು ಕಾಗದ ಬರೆದ. ಆ ಕಾಗದವನ್ನು ರಾಯರು ವಠಾರದವರಿಗೆಲ್ಲ ಓದಿ ಹೇಳಿದರು.

ಆ ಭಾನುವಾರದ ಫೋಟೋಗಳಿಗೆ ಲಕೋಟೆಯೂ ಇಲ್ಲ, ಟಿಪ್ಪಣಿಯೂ ಇಲ್ಲ. ನನ್ನ ಕೈಗೆ ಅವು ಬರುತ್ತಲೇ ಇರಲಿಲ್ಲ. ನನಗೋ ಅವುಗಳಿಗೆ ಬಣ್ಣ ಹಚ್ಚುವ ಆಸೆ. ಹೊಳೆ, ಬಂಡೆ, ಗದ್ದೆಯ ಅಂಚು, ಒಂಟಿ ಹುಣಸೆಮರ ಎಲ್ಲ ಬೂದಿ ಬಣ್ಣದಲ್ಲಿ ನಿಂತಿದ್ದರೆ ಕೈ ತುರಿಸುತ್ತಿತ್ತು. ಒಂದು ಸಲ ಕೇಳಿಯೂಬಿಟ್ಟೆ.

"ಮುಖಕ್ಕೆ ಹಚ್ಚಿ ತಾಯಿ, ನೆಲಕ್ಕೆ ಬೇಡ," ಎಂದರು. "ಮುಖದವರು ತಪ್ಪಾದ್ರೆ ಬಂದು ಕೇಳ್ತಾರೆ. ನೆಲ ಬಂದು ಕೇಳಲ್ಲ."

"ಚೆನ್ನಾಗಿ ಕಾಣುತ್ತಲ್ಲ ರಾಯರೇ."

"ಅದೇ ತೊಂದರೆ. ಹಸಿರು ಕಂಡ ತಕ್ಷಣ ಜನ ಚೆನ್ನಾಗಿದೆ ಅಂದುಬಿಡ್ತಾರೆ. ಆಮೇಲೆ ದಿಣ್ಣೆ ಎಲ್ಲಿ ಏಳುತ್ತೆ, ನೆರಳು ಎಲ್ಲಿ ಬೀಳುತ್ತೆ, ಒಬ್ಬರೂ ನೋಡಲ್ಲ."

ಅವರ ಜೇಬಿನಲ್ಲಿ ಒಂದು ಕಂದು ಗಾಜಿನ ಚೂರು ಇರುತ್ತಿತ್ತು, ಔಷಧದ ಬಾಟಲಿಯ ತಳ, ಅಂಚು ಉಜ್ಜಿ ನಯ ಮಾಡಿದ್ದು. ಫೋಟೋ ತೆಗೆಯುವ ಮುಂಚೆ ಒಂದು ಕಣ್ಣು ಮುಚ್ಚಿ ಅದರಲ್ಲಿ ನೋಡುತ್ತಿದ್ದರು. ಬಣ್ಣಗಳೆಲ್ಲ ಸತ್ತು ಬೆಳಕು, ನೆರಳು ಮಾತ್ರ ಉಳಿಯುತ್ತದೆ, ಆಗಲೂ ಜಾಗ ಚೆನ್ನಾಗಿದ್ದರೆ ಅದು ನಿಜವಾಗಿ ಚೆನ್ನಾಗಿದೆ ಎಂದು ಅರ್ಥ ಎನ್ನುವರು. ವಠಾರದವರೆಲ್ಲ ಗೊರೂರಿನ ಹೊಳೆದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದಾಗ ಅದನ್ನು ನನ್ನ ಕೈಗೆ ಕೊಟ್ಟು ನೋಡಿ ಎಂದರು. ನೋಡಿದೆ. "ಹೊಳೆಯಲ್ಲಿ ಕಷಾಯ ಹರೀತಾ ಇದೆ ರಾಯರೇ," ಎಂದೆ. ಅವರ ಹೆಂಡತಿ ಬಿದ್ದು ಬಿದ್ದು ನಕ್ಕರು. ರಾಯರು ಗಾಜನ್ನು ಕಿತ್ತುಕೊಂಡು, ಬಸ್ಸು ಹಾಸನ ಮುಟ್ಟುವವರೆಗೆ ನನ್ನ ಕಡೆ ತಿರುಗಲಿಲ್ಲ.

ಬಣ್ಣದ ಫಿಲಂ ಅವರು ಕಾಣದವರೇನಲ್ಲ. ಗೊರೂರಿನ ಹೊಳೆಗೆ ಕಟ್ಟಲಿದ್ದ ಅಣೆಕಟ್ಟಿನ ಸರ್ವೆಗೆಂದು ಬಂದ ಒಬ್ಬ ಇಂಜಿನಿಯರು, ಸ್ನೇಹಕ್ಕೆ, ಒಂದು ರೋಲು ಕೊಟ್ಟಿದ್ದರು. ತೆಗೆದು ಮುಗಿಸಿ ಬೊಂಬಾಯಿಗೆ ಕಳಿಸಿದರೆ ಅಲ್ಲಿ ತೊಳೆದು ಒಂದೂವರೆ ತಿಂಗಳಿಗೆ ವಾಪಸು ಬರುವುದು. ರಾಯರು ಅದನ್ನು ಬೀರುವಿನಲ್ಲಿ ಇಟ್ಟರು. ಪ್ರತಿ ಭಾನುವಾರ ಹೊರಗೆ ತೆಗೆಯುವರು, ಚೀಲಕ್ಕೆ ಹಾಕುವರು, ಸಂಜೆ ಹಾಗೇ ತಂದು ಮತ್ತೆ ಒಳಗಿಡುವರು. ಏನಾಯಿತು ಎಂದರೆ, "ಇವತ್ತಿನ ಹೊಲಕ್ಕೆ ಬಣ್ಣದ ಅವಶ್ಯಕತೆ ಬರಲಿಲ್ಲ," ಎಂದು ಉತ್ತರ. ಹಾಗೆ ಎರಡು ವರ್ಷ ಕಳೆಯಿತು. ಸತ್ಯ ಹೇಳಬೇಕೆಂದರೆ ಅವರಿಗೆ ಭಯ. ಬಣ್ಣ ಚೆನ್ನಾಗಿ ಬಂದುಬಿಟ್ಟರೆ ಇಷ್ಟು ದಿನ ವಾದಿಸಿದ್ದೆಲ್ಲ ಏನಾಗಬೇಕು?

ಅರವತ್ತರ ದಶಕದ ಕೊನೆಯಲ್ಲಿ ಒಂದು ಬೆಳಿಗ್ಗೆ ಸ್ಟುಡಿಯೋಗೆ ನಡುವಯಸ್ಸಿನ ಒಬ್ಬ ರೈತ ಬಂದ. ಗೊರೂರಿನಿಂದ ಮೇಲೆ ಹೊಳೆದಂಡೆಯ ಹಳ್ಳಿಯ ಗೌಡ. ಮುಳುಗಡೆಯ ಗುರುತಿಗೆ ಅವನ ಹೊಲದಲ್ಲೂ ಕಲ್ಲು ನೆಟ್ಟಿದ್ದರು. ನಾನು ಬಣ್ಣ ಹಚ್ಚಿದ ಫೋಟೋಗಳನ್ನು ಕೊಡಲು ಹೋದವಳು ಅಲ್ಲೇ ನಿಂತೆ.

"ಒಂದ್ ಫೋಟೋ ಆಗ್ಬೇಕಿತ್ತು ಸಾ," ಎಂದ.

"ಎಷ್ಟು ಜನ?"

"ಜನ ಇಲ್ಲ ಸಾ. ನಮ್ ವಲದ್ದು."

ರಾಯರು ಕುರ್ಚಿಯಿಂದ ಎದ್ದು ನಿಂತರು. ಅಷ್ಟು ವರ್ಷದಲ್ಲಿ ನೆಲದ ಫೋಟೋ ಬೇಕೆಂದು ಕೇಳಿಕೊಂಡು ಬಂದ ಮೊದಲ ಗಿರಾಕಿ ಅವನು. ಅವನನ್ನು ಕೂರಿಸಿ ವಿಷಯ ಕೇಳಿದರು. ಗೌಡನ ತಾಯಿ ಸೊಂಟ ಮುರಿದುಕೊಂಡು, ಡಾಕ್ಟರು ಹತ್ತಿರವೆಂದು, ಚನ್ನರಾಯಪಟ್ಟಣದ ಮಗಳ ಮನೆಯಲ್ಲಿ ಮಲಗಿದ್ದಳು. ಕಲ್ಲು ನೆಟ್ಟ ಸುದ್ದಿ ಯಾರೋ ಅಲ್ಲಿಗೆ ಮುಟ್ಟಿಸಿದ್ದರು. ಹೊಲ ಆಗಲೇ ನೀರುಪಾಲಾಗಿದೆ, ಮಕ್ಕಳು ತನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ಅವಳ ಹಟ.

"ಐತೆ ಕಣವ್ವ, ಎಲ್ಲೂ ವೋಗಿಲ್ಲ ಅಂತ ಆಣೆ ಮಾಡ್ದೆ ಸಾ. ನಂಬಲ್ಲ. ಮದ್ವೆಯಾಗಿ ಬಂದಾಗ ಅದು ಬರೀ ಕಲ್ಲು. ಆಯಮ್ಮನೇ ಕಲ್ಲು ಆಯ್ದು ವಲ ಮಾಡಿದ್ದು. ಫೋಟೋ ತೋರ್ಸುದ್ರೆ ನಂಬ್ತಾಳೆ."

ರಾಯರು ಒಂದಲ್ಲ, ಮೂರು ಸಲ ಹೋದರು. ಗೊರೂರಿನಲ್ಲಿ ಬಸ್ಸಿಳಿದು ಹೊಳೆದಂಡೆಯಲ್ಲಿ ಎರಡು ಮೈಲಿ. ಮೊದಲ ಸಲ ಮೋಡವಿಲ್ಲ, ಎರಡನೆಯ ಸಲ ನೆರಳು ಸರಿಯಿಲ್ಲ. ಮೂರನೆಯ ಸಲ ಫೋಟೋ ಆಯಿತು. ಪ್ರಿಂಟು ಒಣಗುವ ಮೊದಲೇ ನನ್ನನ್ನೂ ಯಜಮಾನರನ್ನೂ ಕೂಗಿ ಕರೆದರು. ಕಪ್ಪಾದ ಆಕಾಶದಲ್ಲಿ ಬಿಳಿಯ ಮೋಡದ ರಾಶಿ, ಬದುವಿನ ಮೇಲೆ ಸಾಲು ಮರ, ಅವುಗಳ ನಡುವೆ ಬೆಳ್ಳಗೆ ಹರಡಿದ ಹೊಲ. ನಾನು ಬಣ್ಣದ ಮಾತೇ ಎತ್ತಲಿಲ್ಲ. ಅಷ್ಟು ಚೆನ್ನಾಗಿತ್ತು. ರಾಯರ ಕಣ್ಣು ತುಂಬಿದ್ದನ್ನು ನಾನು ಮೊದಲು ನೋಡಿದ್ದು ಆವತ್ತು.

ಹತ್ತು ದಿನಕ್ಕೆ ಗೌಡ ವಾಪಸು ಬಂದ. ಫೋಟೋವನ್ನು ಪಂಚೆಯ ಮಡಿಕೆಯಿಂದ ತೆಗೆದು ಮೇಜಿನ ಮೇಲೆ ಇಟ್ಟ. ಮುಖದಲ್ಲಿ ಕೋಪವಿರಲಿಲ್ಲ.

"ಏನಂದ್ರು ತಾಯಿ?" ಎಂದರು ರಾಯರು.

"ಮುಳುಗಿಸ್ಬುಟ್ರಲ್ಲೋ ಅಂದ್ಲು ಸಾ. ಅಷ್ಟೇಯ. ಆವತ್ತಿಂದ ತುತ್ತು ಮುಟ್ಟಿಲ್ಲ. ಗಂಜಿ ಕುಡಿಸೋಕೋದ್ರೆ ಗೋಡೆ ಕಡೀಕೆ ತಿರುಕ್ಕೊತಾಳೆ." ಆಮೇಲೆ ಫೋಟೋದ ಬೆಳ್ಳಗಿನ ಜಾಗದ ಮೇಲೆ ಬೆರಳಿಟ್ಟ. "ನಿಮ್ದೇನೂ ತಪ್ಪಿಲ್ಲ ಸಾ. ಅವಳು ಯೋಳಿದ್ ಮ್ಯಾಕೆ ನಂಗೂ ಇದು ನೀರೇ ನಿಂತಂಗೆ ಕಾಣ್ತದೆ."

ನಾನು ಬಗ್ಗಿ ನೋಡಿದೆ. ದೇವರಾಣೆಗೂ ಅದು ಕೆರೆಯೇ. ಮರಗಳ ಸಾಲು ಏರಿಯ ಹಾಗೆ, ನಡುವೆ ಹೊಳೆಯುವ ನೀರು. ರಾಯರೂ ಬಗ್ಗಿ ನೋಡಿದರು. ಆಕಾಶ ಕಪ್ಪಾಗಿ ಮೋಡ ಎದ್ದು ಕಾಣಲೆಂದು ಅವರು ಕ್ಯಾಮೆರಾದ ಕಣ್ಣಿಗೆ ಕೆಂಪು ಗಾಜು ಹಾಕುತ್ತಿದ್ದರು. ಆ ಗಾಜು ನೀಲಿಯನ್ನು ಕಪ್ಪು ಮಾಡುತ್ತದೆ, ಕೆಂಪನ್ನು ಬಿಳುಪು ಮಾಡುತ್ತದೆ. ಗೌಡನ ಹೊಲ ಕೆಮ್ಮಣ್ಣಿನದು. ಮೊದಲ ಮಳೆಗೆ ಉತ್ತು, ಕುಂಟೆ ಹೊಡೆದು ಮಟ್ಟ ಮಾಡಿದ ಮೇಲೆ, ಮುಳುಗುವ ನೆಲಕ್ಕೆ ಬೀಜ ಹಾಕಲು ಕೈ ಬಾರದೆ ಅವನು ಹಾಗೇ ಬಿಟ್ಟಿದ್ದ. ಬರೀ ಮಣ್ಣು, ಒಂದು ಗರಿಕೆಯೂ ಇಲ್ಲದ್ದು, ಬಿಸಿಲಿಗೆ ಬೆಳ್ಳಗೆ ಮಿನುಗಿತ್ತು. ಇದನ್ನೆಲ್ಲ ಅವರು ನನಗೆ ಹೇಳಿದ್ದು ಆಮೇಲೆ. ಆಗ ಆಡಿದ್ದು ಒಂದೇ ಮಾತು. "ಗೌಡ್ರೇ, ತಪ್ಪು ನಂದೇ."

ಬೀರುವಿನಿಂದ ಬಣ್ಣದ ರೋಲು ತೆಗೆದರು. ಡಬ್ಬಿಯ ಮೇಲಿನ ತಾರೀಖು ಹಿಂದಿನ ವರ್ಷವೇ ಮುಗಿದಿತ್ತು. ಮುಗಿಯದಿದ್ದರೂ ಬೊಂಬಾಯಿಯಿಂದ ಬರುವವರೆಗೆ ಆ ಮುದುಕಿ ಉಪವಾಸ ಇರಬೇಕಿತ್ತು. ಸಂಜೆ ರಾಯರು ನಮ್ಮ ಮನೆಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ಹೊಸಲಿನಾಚೆಯೇ ನಿಂತು ಫೋಟೋ ಚಾಚಿದರು.

"ಟೀಚರಮ್ಮ, ನೆಲಕ್ಕೆ ಬಣ್ಣ ಹಚ್ಚಬೇಕು."

ಹತ್ತು ವರ್ಷ ಕಾದಿದ್ದ ಮಾತು. ಕೆಣಕಬಹುದಿತ್ತು. ಅವರ ಮುಖ ನೋಡಿ ಮನಸ್ಸು ಬರಲಿಲ್ಲ. ಯಾವ ಕೆಂಪು ಎಂದಷ್ಟೇ ಕೇಳಿದೆ. ಅವರಿಗೆ ಹೇಳಲು ಬರಲಿಲ್ಲ. ಮೂರು ಸಲ ಆ ಹೊಲದಲ್ಲಿ ನಿಂತು ಬಂದಿದ್ದರು, ಮೂರು ಸಲವೂ ಕಂದು ಗಾಜಿನಲ್ಲಿ ನೋಡಿದ್ದರು.

ಮರುದಿನ ಮೊದಲ ಬಸ್ಸಿಗೆ ಹೋಗಿ ಸಂಜೆ ಬಂದರು. ಲಕೋಟೆಯಲ್ಲಿ ಟಿಪ್ಪಣಿಯ ಬದಲು ಒಂದು ಹಿಡಿ ಮಣ್ಣು. ತಟ್ಟೆಗೆ ಸುರಿದುಕೊಂಡು ಬಣ್ಣ ಹೊಂದಿಸಲು ಕೂತೆ. ಸರಿಯಾಗಿ ಕಾಣಲೆಂದು ಒಂದು ಚಿಟಿಕೆಗೆ ನೀರು ಹಾಕಿದೆ, ಅದು ಬೇರೆಯೇ ಕೆಂಪಾಯಿತು. ಒಣಗಿದ್ದು ಇಟ್ಟಿಗೆ ಪುಡಿಯ ಹಾಗೆ, ನೆನೆದದ್ದು ಗಾಢವಾಗಿ, ಕುದಿಸಿದ ಬೆಲ್ಲದ ಹಾಗೆ. ಯಾವುದನ್ನು ಹಚ್ಚಲಿ ಎಂದು ರಾಯರನ್ನು ಕೇಳಿದೆ. ಅವರು ಗೌಡನನ್ನು ಕೇಳಿ ಬಂದರು. ಅವನು ಆವತ್ತು ಅವರ ಜೊತೆಯೇ ಬಂದು ಸ್ಟುಡಿಯೋ ಜಗುಲಿಯಲ್ಲಿ ಕೂತಿದ್ದ. ಅವ್ವ ಕೊನೆಗೆ ನೋಡಿದ್ದು ಮಳೆ ಬಿದ್ದು ಉತ್ತ ಮಾರನೆ ದಿನ ಎಂದನಂತೆ. ನಾನು ನೆನೆದ ಮಣ್ಣಿನ ಬಣ್ಣ ಹಚ್ಚಿದೆ. ಬೆಳ್ಳಗಿದ್ದ ಜಾಗವಾದ್ದರಿಂದ ಬಣ್ಣ ಚೆನ್ನಾಗಿ ಹಿಡಿಯಿತು. ಆಕಾಶ ಮಾತ್ರ ಮುಟ್ಟಬೇಡಿ ಎಂದಿದ್ದರು, ಮುಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಗೌಡ, ರಾಯರು, ನಾನು ಚನ್ನರಾಯಪಟ್ಟಣದ ಬಸ್ಸು ಹತ್ತಿದೆವು. ಬಣ್ಣ ಪೂರ್ತಿ ಒಣಗಿರಲಿಲ್ಲ, ಅದಕ್ಕೇ ನಾನೂ ಹೊರಟೆ. ಫೋಟೋವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡೇ ಕೂತಿದ್ದೆ.

ಮುದುಕಿಯನ್ನು ಬೆಳಕಿಗೆಂದು ಬಾಗಿಲ ಬಳಿಯೇ ಚಾಪೆಯಲ್ಲಿ ಮಲಗಿಸಿದ್ದರು. ಮೂಳೆಯ ಮೇಲೆ ತೊಗಲು ಅಷ್ಟೇ. ಮಗಳು ಬೆನ್ನಿಗೆ ಕೈ ಕೊಟ್ಟು ಕೂರಿಸಿದಳು. ಗೌಡ ಫೋಟೋ ಹಿಡಿದ. ಮುದುಕಿ ಮೊದಲು ನೋಡಲೇ ಇಲ್ಲ. ಆಮೇಲೆ ಓರೆಯಾಗಿ ನೋಡಿದಳು. ಆಮೇಲೆ ಅವನ ಕೈಯಿಂದ ಕಿತ್ತುಕೊಂಡು ದೂರ ಹಿಡಿದಳು, ಹತ್ತಿರ ಹಿಡಿದಳು. ನಾನು ಮುಟ್ಟಬೇಡಿ ಎನ್ನುವುದರೊಳಗೆ ಹೆಬ್ಬೆರಳಿಂದ ಹೊಲವನ್ನು ಒತ್ತಿ ಉಜ್ಜಿದಳು. ಬೆರಳಿಗೆ ಕೆಂಪು ಅಂಟಿತು. ಹೆಬ್ಬೆರಳು ತೋರುಬೆರಳು ಸೇರಿಸಿ, ಮಣ್ಣು ಪರೀಕ್ಷಿಸುವ ಹಾಗೆ, ಆ ಬಣ್ಣವನ್ನು ಹೊಸಕಿ ನೋಡಿದಳು.

"ಬಿತ್ತಕ್ಕೆ ಅದವಾಗೈತೆ," ಎಂದಳು. ಮಗನ ಕಡೆ ತಿರುಗಿದಳು. "ಯಾಕ್ಲಾ ಇನ್ನೂ ಬಿತ್ತಿಲ್ಲ? ಯಾವನಾರ ಬಂದು ಬಿತ್ಕೊಡ್ಲಿ ಅಂತ ಕೂತಿದ್ದೀಯಾ?"

ಗೌಡ ತಲೆ ತಗ್ಗಿಸಿದ. "ನಾಳೀಕೇ ಬಿತ್ತೀನಿ ಕಣವ್ವ."

"ಬಿತ್ತು ಮತ್ತೆ. ಆ ಗಂಜಿ ತಾ ಇಲ್ಲಿ."

ಅವಳು ಗಂಜಿ ಕುಡಿಯುವುದನ್ನು ಮೂವರೂ ನಿಂತು ನೋಡಿದೆವು. ನನಗೆ ಹೆಮ್ಮೆಯೋ ಹೆಮ್ಮೆ. ನನ್ನ ಬಣ್ಣ ಗೆದ್ದಿತು ಎಂದು ಒಳಗೊಳಗೇ ಕುಣಿಯುತ್ತಿದ್ದೆ. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ರಾಯರು ಗೌಡನ ತೋಳು ಹಿಡಿದರು.

"ಗೌಡ್ರೇ, ಮಳೆ ಹೋಗಿ ತಿಂಗಳಾಯ್ತು. ನಾನೇ ನೋಡಿದ್ದೀನಿ, ನೆಲ ಒಣಗಿ ಧೂಳಾಗಿದೆ. ಈ ಅಮ್ಮ ಹಸಿ ಮಣ್ಣಿನ ಬಣ್ಣ ಹಚ್ಚಿದ್ದಕ್ಕೆ ನಿಮ್ಮ ತಾಯಿ ಹಾಗಂದ್ರು. ಮಳೆ ಬರೋವರೆಗೆ ಕಾಯಿರಿ."

"ಗೊತ್ತು ಸಾ. ಆದ್ರೆ ಬಿತ್ತೀನಿ ಅಂದ್ಬುಟ್ನಲ್ಲ ಅವ್ವಂಗೆ. ಧೂಳಲ್ಲೇ ಬಿತ್ತೀನಿ. ಮನೇಲಿರೋ ಬಿತ್ತನೆ ರಾಗಿ ಅಷ್ಟೇಯ. ಬಂದ್ರೆ ಬಂತು, ವೋದ್ರೆ ವೋಯ್ತು."

ನನ್ನ ಹೆಮ್ಮೆ ಅಲ್ಲೇ ಇಳಿಯಿತು. ಹಾಸನದಲ್ಲಿ ಬಸ್ಸಿಳಿಯುವಾಗ ರಾಯರು, "ಒಣ ಮಣ್ಣೇ ಹಚ್ಚಿ ಅನ್ನಬೇಕಿತ್ತು ನಾನು," ಎಂದರು. ತಪ್ಪನ್ನು ನನ್ನ ಪಾಲಿಗೆ ಬಿಡಲಿಲ್ಲ.

ಆಮೇಲಿನ ದಿನಗಳಲ್ಲಿ ರಾಯರನ್ನು ನೋಡಲು ಸಂಕಟವಾಗುತ್ತಿತ್ತು. ಗೌಡ ಸೋಮವಾರವೇ ಬಿತ್ತಿದ ಎಂದು ಗೊರೂರಿನ ಹಾಲಿನವನಿಂದ ತಿಳಿದುಕೊಂಡಿದ್ದರು. ಮೋಡ ಕಂಡರೆ ಕ್ಯಾಮೆರಾ ಹುಡುಕುತ್ತಿದ್ದ ಮನುಷ್ಯ ಈಗ ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ ಹೊರಗೆ ಹೋಗಿ ಆಕಾಶ ನೋಡಿ ಬರುತ್ತಿದ್ದರು. ದಿನಾ ಮಧ್ಯಾಹ್ನ ಬಿಳಿಯ ಮೋಡಗಳು ರಾಶಿ ರಾಶಿ ಏಳುತ್ತಿದ್ದವು, ಹಿಂದೆ ಅವರು ಮೂರು ಮೂರು ಸಲ ಬಸ್ಸು ಹತ್ತಿ ಹುಡುಕುತ್ತಿದ್ದಂಥವೇ. "ಒಂದರಲ್ಲೂ ನೀರಿಲ್ಲ, ಬರೀ ಶೋಕಿ," ಎಂದು ಬೈದರು. ಅವರ ಹೆಂಡತಿ ನನ್ನ ಹತ್ತಿರ ಬಂದು, ಎರಡು ದಿನದಿಂದ ಊಟ ಸೇರುತ್ತಿಲ್ಲ ಇವರಿಗೆ, ನೀವಾದರೂ ಹೇಳಿ ಎಂದರು. ನಾನು ಏನು ಹೇಳಲಿ? ನನಗೂ ಸೇರುತ್ತಿರಲಿಲ್ಲ.

ಗೌಡ ಬಿತ್ತಿದ ಒಂಬತ್ತನೆಯ ದಿನ ನಾನು ಕ್ಲಾಸಿನಲ್ಲಿದ್ದೆ. ಹೊರಗೆ ಸುಡುವ ಬಿಸಿಲು, ಹಾಸನದಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಬೋರ್ಡಿನ ಮೇಲೆ ಹೂಜಿಯ ಚಿತ್ರ ಬರೆಯುತ್ತಿದ್ದೆ. ಮಕ್ಕಳು ಗುಸುಗುಸು ಎಂದವು. ತಿರುಗಿದರೆ ಬಾಗಿಲಲ್ಲಿ ರಾಯರು. ಟೋಪಿಯಿಲ್ಲ, ಚಪ್ಪಲಿಯಿಲ್ಲ, ಬಸ್ ಸ್ಟ್ಯಾಂಡಿನಿಂದ ಓಡಿ ಬಂದು ಏದುಸಿರು ಬಿಡುತ್ತಿದ್ದರು. ಹೆಣ್ಣುಮಕ್ಕಳ ಸ್ಕೂಲಿಗೆ ಹೀಗೆ ನುಗ್ಗಿದ್ದಕ್ಕೆ ಜವಾನ ಹಿಂದೆಯೇ ಕೂಗಿಕೊಂಡು ಬರುತ್ತಿದ್ದ.

"ಗೊರೂರು ಬಸ್ಸು ಬಂತು," ಎಂದರು. ಉಸಿರು ಎಳೆದುಕೊಂಡರು. "ಚಕ್ರದ ತುಂಬಾ ಕೆಸರು, ಟೀಚರಮ್ಮ. ಕೆಂಪು ಕೆಸರು."

ನಲವತ್ತು ಮಕ್ಕಳು ನೋಡುತ್ತಿದ್ದಂತೆಯೇ ನಾನು ಸೀಮೆಸುಣ್ಣ ಕೆಳಗಿಟ್ಟು ಅತ್ತುಬಿಟ್ಟೆ.